ಹಾಸಿಗೆಗೆ ಹಣವಿದೆ, ಆರೈಕೆಗಿಲ್ಲ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಸೇರಿದರೆ ಮಧುಗಿರಿ ಉಪವಿಭಾಗ. ಇಲ್ಲಿನ ಎಷ್ಟೋ ಮನೆಗಳಲ್ಲಿ ಪಡಿತರ ಚೀಟಿಯ ಜೊತೆಗೆ ಆರೋಗ್ಯ ಕಾರ್ಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿರುತ್ತಾರೆ. ಹೃದಯದ ಆಪರೇಷನ್ನಿಗೆ, ಕ್ಯಾನ್ಸರ್ ಚಿಕಿತ್ಸೆಗೆ, ಮುರಿದ ಮೂಳೆಗೆ ಆ ಕಾರ್ಡು ಆಸರೆಯಾಗಿದೆ. ಹೊಲ ಮಾರದೆ, ಸಾಲ ಮಾಡದೆ ಪ್ರಾಣ ಉಳಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಆದರೆ ಒಂದು ಕಾಯಿಲೆಯ ಮುಂದೆ ಆ ಕಾರ್ಡು ಬಹುಮಟ್ಟಿಗೆ ಕೈಕಟ್ಟಿ ನಿಲ್ಲುತ್ತದೆ. ಅದು ಮುಪ್ಪಿನಲ್ಲಿ ಬುದ್ಧಿಯನ್ನೂ ನೆನಪನ್ನೂ ಕಳೆಯುವ ಡಿಮೆನ್ಷಿಯಾ. ಏಕೆ ಹೀಗೆ, ಇದನ್ನು ಸರಿಪಡಿಸುವ ದಾರಿ ಯಾವುದು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ‘ಅರವತ್ತಕ್ಕೆ ಅರಳು ಮರಳು’ ಎಂದು ಹೇಳಿ ನಾವು ಸುಮ್ಮನಾಗಿಬಿಡುತ್ತೇವೆ. ಸಂತೆಯಲ್ಲಿ ಕೊಂಡ ಕೊತ್ತಂಬರಿ ಸೊಪ್ಪನ್ನು ಅಂಗಡಿಯಲ್ಲೇ ಮರೆತು ಬಂದರೆ ಅದು ವಯಸ್ಸಿನ ಮರೆವು. ಐವತ್ತು ವರ್ಷ ಮುದ್ದೆ ತೊಳಸಿದ ಕೈಗೆ, ಎಸರು ಕುದಿಯುವಾಗ ಹಿಟ್ಟು ಹಾಕಬೇಕೆಂಬುದೇ ತಿಳಿಯದೆ ಹೋದರೆ ಅದು ಕಾಯಿಲೆ. ಆಲ್ಝೈಮರ್ ಇದರ ಹೆಚ್ಚು ಕಾಣುವ ಬಗೆ. ಬಿ.ಪಿ., ಸಕ್ಕರೆ ಕಾಯಿಲೆ ಹೆಚ್ಚಾಗಿ ಮಿದುಳಿನ ರಕ್ತನಾಳಗಳು ಕೆಟ್ಟು ಬರುವುದು ಇನ್ನೊಂದು ಬಗೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಅದು ಹೆಚ್ಚು.

ಈ ಲೆಕ್ಕವನ್ನು ನಮ್ಮ ಊರುಗಳಿಗೆ ಹಚ್ಚಿ ನೋಡೋಣ. 2011ರ ಜನಗಣತಿಯ ಹೊತ್ತಿಗೆ ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಅದರಲ್ಲಿ ಹತ್ತಕ್ಕೊಬ್ಬರು 60 ದಾಟಿದವರು ಎಂದಿಟ್ಟುಕೊಂಡರೂ ಏಳು ಸಾವಿರಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಇರಬೇಕು. ಇದು ಅಂದಾಜು ಮಾತ್ರ. ಆದರೂ ನೂರು ಮಂದಿ ವಯಸ್ಸಾದವರಿರುವ ಊರಿನಲ್ಲಿ ಏಳು ಮನೆಗಳ ಬಾಗಿಲು ಈ ಕಾರಣಕ್ಕೆ ಹಗಲಲ್ಲೂ ಅಗಳಿ ಹಾಕಿಕೊಂಡಿರಬಹುದು.

ಇನ್ನು ಹಣದ ಮಾತು. ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕರ್ನಾಟಕ’ 2018ರ ಮಾರ್ಚಿನಲ್ಲಿ ಶುರುವಾಯಿತು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಕೂಡಿಕೊಂಡಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ದಾಟಿದ ಎಲ್ಲರನ್ನೂ, ಆದಾಯ ನೋಡದೆ, ಆಯುಷ್ಮಾನ್ ವ್ಯಾಪ್ತಿಗೆ ತಂದಿತು. ಇವೆಲ್ಲ ದೊಡ್ಡ ಹೆಜ್ಜೆಗಳೇ.

ಆದರೆ ಈ ಯೋಜನೆಗಳೆಲ್ಲ ನಿಂತಿರುವುದು ಒಂದೇ ನಿಯಮದ ಮೇಲೆ: ರೋಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಬೇಕು. ದಾಖಲಾಗುವ ಮೂರು ದಿನ ಮುಂಚಿನ ತಪಾಸಣೆ, ಬಿಡುಗಡೆಯಾದ ಮೇಲೆ ಹದಿನೈದು ದಿನದ ಔಷಧಿ, ನಡುವೆ ಹಾಸಿಗೆಯ ಮೇಲಿನ ಚಿಕಿತ್ಸೆ. ಆಯುಷ್ಮಾನ್ ಹಣ ಕೊಡುವುದು ಇಷ್ಟಕ್ಕೆ. ಹೊರರೋಗಿಯಾಗಿ ಹೋಗಿ ಚೀಟಿ ಬರೆಸಿಕೊಂಡು ಬಂದರೆ ಅದು ಲೆಕ್ಕಕ್ಕಿಲ್ಲ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಬಂದ, ಮತ್ತೆ ಈಚೆಗೆ ಜೀವ ಪಡೆದ ಯಶಸ್ವಿನಿಯೂ ಮುಖ್ಯವಾಗಿ ಆಪರೇಷನ್ನುಗಳ ಯೋಜನೆಯೇ. ಡಿಮೆನ್ಷಿಯಾಕ್ಕೆ ಆಪರೇಷನ್ ಇಲ್ಲ. ಕಾಯಿಲೆ ಎಂಟು ಹತ್ತು ವರ್ಷವೂ ಸಾಗಬಹುದು, ಅಷ್ಟೂ ವರ್ಷ ಅದು ನಡೆಯುವುದು ಮನೆಯೊಳಗೆ.

ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಪಾವಗಡದ ಕಡೆಯ ಹಳ್ಳಿ. ಅತ್ತೆಗೆ ಎಪ್ಪತ್ತರ ಮೇಲೆ ವಯಸ್ಸು. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಮನೆಯಲ್ಲಿ ಸೊಸೆ, ಎರಡು ಮಕ್ಕಳು. ಊಟ ಮಾಡಿ ಕೈ ತೊಳೆದ ಅತ್ತೆ ಜಗಲಿಗೆ ಬಂದು ಕೂತು, ಹೋಗುವವರನ್ನೆಲ್ಲ ಕರೆದು ‘ನನಗೆ ಇನ್ನೂ ಇಟ್ಟು ಹಾಕಿಲ್ಲ ಕಣವ್ವ’ ಎನ್ನುತ್ತಾರೆ. ಕೇಳಿದವರು ಸೊಸೆಯನ್ನು ದುರುಗುಟ್ಟಿ ನೋಡುತ್ತಾರೆ. ಸಂಜೆಯಾದರೆ ‘ನಮ್ಮೂರಿಗೆ ಹೋಗ್ತೀನಿ, ಅಪ್ಪ ಕಾಯ್ತಾ ಇರ್ತಾನೆ’ ಎಂದು ಬಟ್ಟೆ ಗಂಟು ಕಟ್ಟುತ್ತಾರೆ. ಅಪ್ಪ ತೀರಿಕೊಂಡು ನಲವತ್ತು ವರ್ಷ ಆಗಿರುತ್ತದೆ. ರಾತ್ರಿ ಎದ್ದು ಬೀದಿಗೆ ಹೋದಾರೆಂದು ಸೊಸೆ ತನ್ನ ಸೆರಗನ್ನು ಅತ್ತೆಯ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಾಳೆ. ಸೆರಗು ಜಗ್ಗಿದರೆ ಎಚ್ಚರ. ಬೆಳಗ್ಗೆ ಕೂಲಿಗೆ ಹೋಗುವಂತಿಲ್ಲ, ಅವರನ್ನು ಒಬ್ಬರೇ ಬಿಡುವಂತಿಲ್ಲ.

ಈ ಮನೆಯ ಖರ್ಚನ್ನು ಒಂದೊಂದಾಗಿ ಕಾರ್ಡಿನ ಮುಂದೆ ಇಡೋಣ. ಜಿಲ್ಲಾ ಕೇಂದ್ರ ತುಮಕೂರು ಪಾವಗಡದಿಂದ ನೂರು ಕಿಲೋಮೀಟರಿನಷ್ಟು ದೂರ. ಹೋಗಿಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು, ಕಾರ್ಡಿಗೆ ಸಂಬಂಧವಿಲ್ಲ. ಮರೆವಿಗೆ ಬೇರೆ ಕಾರಣಗಳೂ ಇರಬಹುದು. ಥೈರಾಯ್ಡ್ ಕಡಿಮೆಯಾಗಿರಬಹುದು, ಬಿ-12 ಜೀವಸತ್ವ ಇಳಿದಿರಬಹುದು, ಎಂದೋ ಬಿದ್ದಾಗ ತಲೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಥವಾ ಅದು ಖಿನ್ನತೆಯೂ ಇರಬಹುದು. ಇವನ್ನು ಬೇಗ ಹಿಡಿದರೆ ಸರಿಪಡಿಸಬಹುದು. ಅದಕ್ಕೆ ರಕ್ತಪರೀಕ್ಷೆ, ಸ್ಕ್ಯಾನ್ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಆದಷ್ಟು ಆಯಿತು. ಹೊರಗೆ ಮಾಡಿಸಿದ್ದಕ್ಕೆ ಕಾರ್ಡು ನಡೆಯುವುದಿಲ್ಲ. ಡೊನೆಪೆಜಿಲ್, ಮೆಮಾಂಟಿನ್ ಎಂಬ ಮಾತ್ರೆಗಳು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಕೆಲವರಿಗೆ ಕೆಲಕಾಲ ಚೇತರಿಕೆ ಕೊಡುತ್ತವೆ. ತಿಂಗಳು ತಿಂಗಳೂ ಕೊಳ್ಳಬೇಕು. ಅದಕ್ಕೂ ಕಾರ್ಡು ನಡೆಯುವುದಿಲ್ಲ.

ಸೊಸೆಯ ಕೂಲಿಯ ಮಾತಿಗೆ ಬರೋಣ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ. ಅದನ್ನೇ ಅಳತೆಯಾಗಿ ಹಿಡಿದರೆ, ತಿಂಗಳಿಗೆ ಹತ್ತು ದಿನದ ಕೆಲಸ ತಪ್ಪಿದರೂ 3,700 ರೂಪಾಯಿ ನಷ್ಟ. ಅತ್ತೆಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ. ಮೂರು ದಿನದ ಕೂಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ಜಗತ್ತಿನಲ್ಲಿ ಡಿಮೆನ್ಷಿಯಾಕ್ಕೆ ಆಗುವ ವೆಚ್ಚದಲ್ಲಿ ಅರ್ಧದಷ್ಟು ಮನೆಯವರು ಸಂಬಳವಿಲ್ಲದೆ ಮಾಡುವ ಆರೈಕೆಯ ಬೆಲೆ, ಆ ಆರೈಕೆಯ ಶೇಕಡಾ 70ರಷ್ಟು ಸಮಯ ಕೊಡುವವರು ಹೆಂಗಸರು. ನಮ್ಮ ಪಾವಗಡದ ಸೊಸೆ ಆ ಲೆಕ್ಕದೊಳಗೆ ಇದ್ದಾಳೆ, ಯಾವ ಯೋಜನೆಯ ಲೆಕ್ಕದೊಳಗೂ ಇಲ್ಲ.

ಒಂದು ರಾತ್ರಿ ಸೆರಗಿನ ಗಂಟು ಬಿಚ್ಚಿಕೊಳ್ಳುತ್ತದೆ. ಅತ್ತೆ ಹೊಸ್ತಿಲಲ್ಲಿ ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಈಗ ಕಾರ್ಡು ಕೆಲಸ ಮಾಡುತ್ತದೆ. ಅಡ್ಮಿಟ್ ಆಗುತ್ತದೆ, ಆಪರೇಷನ್ ಆಗುತ್ತದೆ, ಹಣ ಸಂದಾಯವಾಗುತ್ತದೆ. ಅಪರಿಚಿತ ವಾರ್ಡಿನಲ್ಲಿ ಅವರ ಗೊಂದಲ ಇಮ್ಮಡಿಯಾಗುತ್ತದೆ. ಹದಿನೈದು ದಿನದ ಔಷಧಿ ಹಿಡಿದು ಮನೆಗೆ ಬಂದವರು ಮತ್ತೆ ಎದ್ದು ನಡೆಯುವುದು ಕಷ್ಟ. ಬೀಳದಂತೆ ನೋಡಿಕೊಳ್ಳಲು ವರ್ಷವಿಡೀ ಒಂದು ರೂಪಾಯಿಯನ್ನೂ ಕೊಡದ ಪದ್ಧತಿ, ಬಿದ್ದ ಮೇಲೆ ಸಾವಿರಾರು ರೂಪಾಯಿ ಕೊಟ್ಟಿತು. ಇದು ಯಾರೋ ಒಬ್ಬ ಅಧಿಕಾರಿಯ, ಒಬ್ಬ ವೈದ್ಯರ ತಪ್ಪಲ್ಲ. ಹಣ ಯಾವ ಕೆಲಸಕ್ಕೆ ಸಂದಾಯವಾಗುತ್ತದೋ ಆಸ್ಪತ್ರೆಗಳು ಆ ಕೆಲಸವನ್ನು ಮಾಡುತ್ತವೆ. ಮನೆಯವರನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ತಿಳಿಹೇಳಿದ ವೈದ್ಯರಿಗೆ, ದಾದಿಗೆ ಯಾವ ಬಾಬ್ತಿನಲ್ಲೂ ಹಣವಿಲ್ಲ. ಆದ್ದರಿಂದ ಆ ತಿಳಿವಳಿಕೆಯ ಮಾತು ನಡೆಯುವುದೇ ಇಲ್ಲ.

ದುಡ್ಡು ಕಟ್ಟಿ ಖಾಸಗಿ ಪಾಲಿಸಿ ಕೊಂಡವರ ಪರಿಸ್ಥಿತಿಯೂ ನೋಡಬೇಕು. ಶಿರಾದ ಅಂಗಡಿಯವರು, ಮಧುಗಿರಿಯ ಶಿಕ್ಷಕರು, ಬೆಂಗಳೂರಿನಲ್ಲಿರುವ ಮಕ್ಕಳು ಹೆತ್ತವರ ಹೆಸರಿನಲ್ಲಿ ಪಾಲಿಸಿ ಮಾಡಿಸುತ್ತಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ದೇಹದ ಕಾಯಿಲೆಗೆ ಹೇಗೋ ಮಾನಸಿಕ ಕಾಯಿಲೆಗೂ ಹಾಗೆಯೇ ವಿಮೆ ಕೊಡಬೇಕೆಂದು ಅದರ 21ನೆಯ ಕಲಮು ಹೇಳುತ್ತದೆ. ನೆನಪು ಮತ್ತು ದಿಕ್ಕಿನ ಅರಿವು ತೀವ್ರವಾಗಿ ಕೆಡುವುದೂ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ, ನರಕೋಶ ಸವೆಯುವ ಕಾಯಿಲೆಗಳನ್ನು ಪಾಲಿಸಿಯಿಂದ ಹೊರಗಿಡಬಾರದು ಎಂದಿತು. ಇದು ಒಳ್ಳೆಯ ಮಾತು.

ಅದೇ ಮಾರ್ಗಸೂಚಿಯ ಇನ್ನೆರಡು ಪುಟ ತಿರುವಿದರೆ ಬೇರೆಯೇ ಚಿತ್ರ. ಪಾಲಿಸಿ ಕೊಳ್ಳುವ ಮೊದಲೇ ಆಲ್ಝೈಮರ್ ಇದ್ದರೆ ಅದನ್ನು ಶಾಶ್ವತವಾಗಿ ಹೊರಗಿಡಲು ಕಂಪನಿಗಳಿಗೆ ಅವಕಾಶ ಕೊಡಲಾಯಿತು. ಬರಿಯ ತಪಾಸಣೆಗಾಗಿ ದಾಖಲಾದರೆ ಹಣವಿಲ್ಲ ಎಂಬುದು ಒಂದು ಕಲಮು. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಓಡಾಡಿಸುವುದು ಇಂಥ ದಿನನಿತ್ಯದ ಆರೈಕೆಗೆ, ಅದು ಮನೆಯಲ್ಲಿರಲಿ, ಆರೈಕೆ ಕೇಂದ್ರದಲ್ಲಿರಲಿ, ಹಣವಿಲ್ಲ ಎಂಬುದು ಇನ್ನೊಂದು ಕಲಮು. ಡಿಮೆನ್ಷಿಯಾದ ಆರೈಕೆ ಎಂದರೆ ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಓಡಾಡಿಸುವುದೇ ಅಲ್ಲವೇ? ಕಾಯಿಲೆಯ ಹೆಸರನ್ನು ಒಳಗೆ ಬಿಟ್ಟುಕೊಂಡು, ಅದಕ್ಕೆ ಬೇಕಾದ ಆರೈಕೆಯನ್ನು ಬಾಗಿಲಾಚೆ ನಿಲ್ಲಿಸಿದಂತಾಯಿತು.

ಆದಾಯ ತೆರಿಗೆಯ ಹಳೆಯ ಪದ್ಧತಿ ಮಾತ್ರ ಡಿಮೆನ್ಷಿಯಾವನ್ನು ಹೆಸರು ಹಿಡಿದೇ ಗುರುತಿಸಿತು. ಕಾಯಿಲೆಯಿಂದ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇದೆಯೆಂದು ತಜ್ಞ ವೈದ್ಯರು ಬರೆದುಕೊಟ್ಟರೆ, ಹಿರಿಯ ನಾಗರಿಕರ ಚಿಕಿತ್ಸೆಗೆ ಒಂದು ಲಕ್ಷ ರೂಪಾಯಿವರೆಗೆ ವಿನಾಯಿತಿ. ಸಂಬಳದಾರರಿಗೆ ಅದು ಉಪಕಾರ. ಕಡಲೆಕಾಯಿ ಬೆಳೆದು ಮಳೆಗಾಗಿ ಮುಗಿಲು ನೋಡುವ ರೈತನಿಗೆ ತೆರಿಗೆಯೇ ಇಲ್ಲವಾದ್ದರಿಂದ ವಿನಾಯಿತಿಯೂ ಇಲ್ಲ.

ಹಾಗಾದರೆ ಆರೈಕೆಗೆ ಹಣ ಕೊಡುವುದು ಸಾಧ್ಯವೇ? ಬೇರೆ ದೇಶಗಳು ಕೊಟ್ಟಿವೆ. ಜರ್ಮನಿಯಲ್ಲಿ 1995ರಲ್ಲೇ ಆರೈಕೆಗೆಂದು ಪ್ರತ್ಯೇಕ ವಿಮೆ ಬಂತು. ಮೊದಮೊದಲು ಅದೂ ಕೈಕಾಲಿನ ಅಶಕ್ತಿಯನ್ನೇ ಮುಖ್ಯವಾಗಿ ಅಳೆಯುತ್ತಿತ್ತು. ನಡೆಯಬಲ್ಲ, ಆದರೆ ದಾರಿ ತಿಳಿಯದ ಮುದುಕರು ಹಿಂದೆ ಬೀಳುತ್ತಿದ್ದರು. 2017ರಲ್ಲಿ ಅಳತೆಯನ್ನೇ ಬದಲಿಸಿ, ಬುದ್ಧಿಯ ಅಶಕ್ತಿಯನ್ನೂ ದೇಹದ ಅಶಕ್ತಿಯ ಸಮಕ್ಕೆ ತಂದರು. ಜಪಾನ್ 2000ದಲ್ಲಿ ಇಂಥದೇ ವಿಮೆ ತಂದಿತು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ಮುಪ್ಪಿನಲ್ಲಿ ಮನೆಗೆ ಸಹಾಯಕರು ಬರುತ್ತಾರೆ, ಹಗಲು ಆರೈಕೆ ಕೇಂದ್ರಕ್ಕೆ ಹೋಗಿ ಬರಬಹುದು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2024ರ ಜುಲೈನಲ್ಲಿ ‘ಗೈಡ್’ ಎಂಬ ಎಂಟು ವರ್ಷದ ಪ್ರಯೋಗ ಶುರುಮಾಡಿತು. ಡಿಮೆನ್ಷಿಯಾ ರೋಗಿಯನ್ನೂ ಮನೆಯವರನ್ನೂ ನೋಡಿಕೊಳ್ಳುವ ತಂಡಕ್ಕೆ ತಿಂಗಳ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಆರೈಕೆ ಮಾಡುವವರು ಒಂದಷ್ಟು ಹೊತ್ತು ವಿಶ್ರಾಂತಿ ಪಡೆಯಲೆಂದು ಬದಲಿ ವ್ಯವಸ್ಥೆಗೂ ಹಣವಿದೆ.

ಅವು ಸಿರಿವಂತ ದೇಶಗಳು ಎನ್ನಬಹುದು. ನಮ್ಮ ನೆಲದಲ್ಲೇ ದಾರಿಗಳಿವೆ. ಕ್ಷಯರೋಗಿಗೆ ಆಸ್ಪತ್ರೆಯ ಹಾಸಿಗೆ ಕೇಳದೆ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ನೇರ ಖಾತೆಗೆ ಹಾಕುವ ಪದ್ಧತಿ 2018ರಲ್ಲಿ ಬಂತು, 2024ರಲ್ಲಿ ಅದನ್ನು 1,000ಕ್ಕೆ ಏರಿಸಿದರು. ಹಸುಗೂಸಿನ ಮನೆಗೆ ಹೋಗಿ ನೋಡಿಬರುವ ಆಶಾ ಕಾರ್ಯಕರ್ತೆಗೆ ಆ ಭೇಟಿಗಳ ಲೆಕ್ಕದಲ್ಲಿ ಪ್ರೋತ್ಸಾಹಧನವಿದೆ. ನೌಕರರ ವಿಮೆಯಾದ ಇ.ಎಸ್.ಐ. ಯೋಜನೆಯಂತೂ ಹೊರರೋಗಿಯ ಚಿಕಿತ್ಸೆ, ಔಷಧಿ ಎರಡನ್ನೂ ಕೊಡುತ್ತದೆ, ನೌಕರನ ಆಶ್ರಯದಲ್ಲಿರುವ ತಂದೆತಾಯಿಗೂ ಕೊಡುತ್ತದೆ. ವಸಂತನರಸಾಪುರದ ಕಾರ್ಖಾನೆಯಲ್ಲೋ ಬೆಂಗಳೂರಿನ ಗಾರ್ಮೆಂಟ್ಸಿನಲ್ಲೋ 21,000 ರೂಪಾಯಿವರೆಗಿನ ಸಂಬಳಕ್ಕೆ ದುಡಿಯುವ ಮಕ್ಕಳು ಈ ಮಾತನ್ನು ಗಮನಿಸಬೇಕು. ನಿಮ್ಮ ಇ.ಎಸ್.ಐ. ದಾಖಲೆಯಲ್ಲಿ ಅಪ್ಪ ಅಮ್ಮನ ಹೆಸರು ಸೇರಿದೆಯೇ ನೋಡಿಕೊಳ್ಳಿ.

ವೈದ್ಯರು ಊರಿಗೇ ಬಂದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ತುರುವೇಕೆರೆ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ತಜ್ಞರು ತೀವ್ರ ಮಾನಸಿಕ ಕಾಯಿಲೆಯವರನ್ನು ಅವರ ಊರಿನಲ್ಲೇ ಗುರುತಿಸಿ, ವರ್ಷಗಟ್ಟಲೆ ಚಿಕಿತ್ಸೆ ಮುಂದುವರಿಸಿದ್ದಾರೆ. ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ರಾಜ್ಯದಲ್ಲಿ 2014ರಿಂದ ಇದೆ. ಮಿದುಳಿನ ಆರೋಗ್ಯಕ್ಕೆಂದೇ 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ಆರಂಭಿಸಿದ ಕಾರ್ಯಕ್ರಮ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮೊದಲು ನಡೆಯಿತು. ಕನ್ನಡದಲ್ಲೂ ತೆಲುಗಿನಲ್ಲೂ ನೆನಪಿನ ಪರೀಕ್ಷೆಗಳು ಸಿದ್ಧವಾಗಿವೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಎನ್ನುವ ಪಾವಗಡಕ್ಕೆ ಇದು ಬಹಳ ಮುಖ್ಯ. ತನ್ನ ಮಾತಿನಲ್ಲಿ ಕೇಳದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರನ್ನು ರೋಗಿ ಎನ್ನಲಾಗದು.

ಅಂದರೆ ತಜ್ಞರ ತಿಳಿವಳಿಕೆ ಇದೆ, ಕಟ್ಟಡ ಇದೆ, ಊರೂರಿಗೆ ಆಶಾ ಕಾರ್ಯಕರ್ತೆ ಇದ್ದಾಳೆ. ಇವನ್ನು ಜೋಡಿಸುವ ಹಣದ ನಿಯಮ ಮಾತ್ರ ಇಲ್ಲ. ಆದ್ದರಿಂದ ಸರ್ಕಾರಕ್ಕೆ ನನ್ನ ಬೇಡಿಕೆ ನಾಲ್ಕು.

ಮೊದಲನೆಯದು, ಡಿಮೆನ್ಷಿಯಾದ ಪತ್ತೆ ಮತ್ತು ಒಂದು ವರ್ಷದ ಆರೈಕೆಯನ್ನು ಒಂದೇ ಪ್ಯಾಕೇಜು ಮಾಡಿ, ರೋಗಿ ದಾಖಲಾಗದಿದ್ದರೂ ಅದರ ಹಣ ತಾಲ್ಲೂಕು ಆಸ್ಪತ್ರೆಗೆ ಸಂದಾಯವಾಗಬೇಕು. ರಕ್ತಪರೀಕ್ಷೆ, ಸ್ಕ್ಯಾನ್, ಮಾತ್ರೆ, ಮನೆಯವರಿಗೆ ತಿಳಿವಳಿಕೆ ಎಲ್ಲವೂ ಅದರೊಳಗೇ ಬರಲಿ. ಎರಡನೆಯದು, ಈ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿಬರುವ ಆಶಾ ಕಾರ್ಯಕರ್ತೆಗೆ ಆ ಭೇಟಿಯ ಹಣ ಕೊಡಬೇಕು. ಮೂರನೆಯದು, ವೈದ್ಯರ ಪ್ರಮಾಣಪತ್ರವಿರುವ ರೋಗಿಯ ಪಿಂಚಣಿಯ ಜೊತೆಗೆ, ನೋಡಿಕೊಳ್ಳುವವರ ಹೆಸರಿಗೆ ಆರೈಕೆ ಭತ್ಯೆ ಬರಬೇಕು. ನಾಲ್ಕನೆಯದು, ತಾಲ್ಲೂಕಿಗೊಂದು ಹಗಲು ಆರೈಕೆ ಕೇಂದ್ರ. ವಾರಕ್ಕೆರಡು ದಿನ ಅತ್ತೆ ಅಲ್ಲಿದ್ದರೆ ಸೊಸೆ ಆ ಎರಡು ದಿನ ದುಡಿಯುತ್ತಾಳೆ, ಒಂದಿಷ್ಟು ನಿದ್ದೆಯನ್ನೂ ಮಾಡುತ್ತಾಳೆ. ಖಾಸಗಿ ವಿಮೆಯಲ್ಲೂ, ದಿನನಿತ್ಯದ ಆರೈಕೆಗೆ ಹಣವಿಲ್ಲ ಎಂಬ ಕಲಮನ್ನು ಡಿಮೆನ್ಷಿಯಾದ ಮಟ್ಟಿಗಾದರೂ ಸಡಿಲಿಸಬೇಕು.

ಇದಕ್ಕೆ ದುಡ್ಡೆಲ್ಲಿ ಎಂದು ಕೇಳುವವರಿಗೆ ಉತ್ತರವಿದೆ. ಇಂದು ಸೊಂಟ ಮುರಿದ ಮೇಲೆ, ನ್ಯುಮೋನಿಯಾ ಬಂದ ಮೇಲೆ, ಹಾಸಿಗೆ ಹುಣ್ಣು ಕೊಳೆತ ಮೇಲೆ ಅದೇ ಟ್ರಸ್ಟು ಹಣ ಕಟ್ಟುತ್ತಿದೆ. ಆ ಹಣದಲ್ಲಿ ಒಂದು ಪಾಲನ್ನು ಮುಂಚಿತವಾಗಿ ಕೊಡಿ ಎಂದಷ್ಟೇ ನಾವು ಕೇಳುತ್ತಿರುವುದು.

ಕೊನೆಗೆ, ಈ ಮಾತು ಕೇಳುತ್ತಿರುವ ಮನೆಯವರಿಗೆ. ಹಿರಿಯರ ನಡವಳಿಕೆ ಬದಲಾಗಿದ್ದರೆ ಅರಳು ಮರಳು ಎಂದು ಬಿಡಬೇಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ವಿಚಾರಿಸಿ ಕರೆದೊಯ್ಯಿರಿ. ಬಿ.ಪಿ., ಸಕ್ಕರೆ ಹತೋಟಿಯಲ್ಲಿಡಿ, ಕಿವಿ ಕಣ್ಣು ತೋರಿಸಿ. ಇವು ಕಾಯಿಲೆ ಬರುವುದನ್ನು ತಡ ಮಾಡಬಲ್ಲವು. ಅವರನ್ನು ಕಟ್ಟಿಹಾಕಬೇಡಿ, ಕೂಡಿಹಾಕಬೇಡಿ. ಅವರ ಜೇಬಿನಲ್ಲಿ, ಸೆರಗಿನಲ್ಲಿ ಊರಿನ ಹೆಸರು, ಫೋನ್ ನಂಬರ್ ಬರೆದ ಚೀಟಿ ಇರಲಿ. ದಿಕ್ಕು ತೋಚದಾಗ ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ, ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ನೆರೆಹೊರೆಯವರು, ಜಗಲಿಯ ಮೇಲಿನ ಅಜ್ಜಿ ಊಟವಿಲ್ಲ ಎಂದಾಗ ಸೊಸೆಯನ್ನು ದೂರದೆ, ‘ಒಂದು ಗಂಟೆ ನಾನು ನೋಡಿಕೊಳ್ತೀನಿ, ನೀನು ಹೋಗಿ ಬಾ’ ಎನ್ನಿ.

ನಿಮ್ಮ ಊರಿನಲ್ಲಿ ಮುಂದಿನ ಗ್ರಾಮಸಭೆ ಸೇರಿದಾಗ ರಸ್ತೆ, ಚರಂಡಿ, ಕುಡಿಯುವ ನೀರಿನ ಜೊತೆಗೆ ಇದನ್ನೂ ಎತ್ತಿ. ನಮ್ಮ ಊರಿನಲ್ಲಿ ಇಂಥ ಹಿರಿಯರು ಇಷ್ಟು ಮಂದಿ ಇದ್ದಾರೆ, ಮನೆಯ ಆರೈಕೆಗೂ ನಮ್ಮ ಕಾರ್ಡು ನಡೆಯಬೇಕು ಎಂದು ನಡಾವಳಿಯಲ್ಲಿ ಬರೆಸಿ. ಶಾಸಕರಿಗೆ ಅದರ ಪ್ರತಿ ಕೊಡಿ. ನಾಲ್ಕು ತಾಲ್ಲೂಕುಗಳ ಪಂಚಾಯಿತಿಗಳು ಒಂದೇ ದನಿಯಲ್ಲಿ ಕೇಳಿದರೆ ಸರ್ಕಾರ ಕಿವಿಗೊಡಲೇಬೇಕಾಗುತ್ತದೆ.